ಫೋನಿನಲ್ಲಿ ರೋಗಿಯ ಗಮನ ಅಳೆಯುವುದು ಹೇಗೆ: ಎಡವುವ ಜಾಗಗಳ ಸಮೇತ ಸಮಗ್ರ ಮಾರ್ಗದರ್ಶಿ

ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. "ಆ್ಯಪ್‌ನಲ್ಲಿ ಟೆಸ್ಟ್ ಮಾಡಿಸಿದೆವು, ಅಂಕ ತೀರಾ ಕಡಿಮೆ ಬಂತು, ಆದರೆ ರೋಗಿ ಚೆನ್ನಾಗಿಯೇ ಮಾತಾಡುತ್ತಿದ್ದಾರೆ." ಇಲ್ಲವೇ ಅದರ ಉಲ್ಟಾ: "ಬೆಳಿಗ್ಗೆ ನಾರ್ಮಲ್ ಅಂತ ಬಂತು, ರಾತ್ರಿ ಎದ್ದು ಡ್ರಿಪ್ ಕಿತ್ತುಹಾಕಿದರು." ನರ್ಸ್‌ಗಳು, ಥೆರಪಿಸ್ಟ್‌ಗಳು, ಹೊಸದಾಗಿ ವಾರ್ಡಿಗೆ ಬಂದ ವೈದ್ಯರು, ಎಲ್ಲರೂ ಇದನ್ನೇ ಕೇಳುತ್ತಾರೆ. ಹೆಚ್ಚಿನ ಸಲ ತಪ್ಪು ಆ್ಯಪ್‌ನದ್ದಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ.

ಒಮ್ಮೆ ವಯಸ್ಸಾದ ಒಬ್ಬ ಹೆಂಗಸಿಗೆ ನಾನು ಸ್ಕ್ರೀನ್ ಮುಟ್ಟುವ ಟೆಸ್ಟ್ ಮಾಡಿಸುತ್ತಿದ್ದೆ. ಬಲಗೈ ತೋರುಬೆರಳಿಗೆ ಪಲ್ಸ್ ಆಕ್ಸಿಮೀಟರಿನ ಕ್ಲಿಪ್ ಹಾಕಿತ್ತು. ಅವರು ಪಾಪ, ಉಂಗುರದ ಬೆರಳನ್ನು ಓರೆಯಾಗಿ ಚಾಚಿ ಮುಟ್ಟಲು ನೋಡುತ್ತಿದ್ದರು. ಬೆರಳ ತುದಿ ಒಣಗಿ ಬಿರುಕು ಬಿಟ್ಟಿತ್ತು, ಮುಟ್ಟಿದ್ದು ಫೋನಿಗೆ ಗೊತ್ತಾಗುತ್ತಿರಲಿಲ್ಲ. ಆ್ಯಪ್ ಲೆಕ್ಕದಲ್ಲಿ 20ರಲ್ಲಿ 9 ಸಲ ಅವರು ಗಮನವನ್ನೇ ಕೊಟ್ಟಿರಲಿಲ್ಲ. ಕ್ಲಿಪ್ಪನ್ನು ಎಡಗೈಗೆ ಹಾಕಿಸಿ, ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿಸಿದೆ. ಒಂದೇ ಒಂದು ತಪ್ಪಿತು.

ಹಾಗಾಗಿ ಈ ಕ್ರಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಮೊದಲು ರೋಗಿಗೆ ಎಚ್ಚರ ಇದೆಯೇ ಎಂದು ನೋಡಬೇಕು. ಆಮೇಲೆ ಕಣ್ಣು, ಕಿವಿ, ಕೈ. ಆಮೇಲೆ ಗಮನ. ನೆನಪು, ಲೆಕ್ಕ, ಭಾಷೆ ಎಲ್ಲ ಕೊನೆಗೆ. ಗಮನವೇ ನಿಲ್ಲದವರಿಗೆ ಐದು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರೆ, ಆ ಪದಗಳು ಒಳಗೇ ಹೋಗಿರುವುದಿಲ್ಲ. ಹೊರಗೆ ಬರಲಿಲ್ಲ ಎಂದು ಅದನ್ನು ಮರೆವು ಅನ್ನುವುದು ತಪ್ಪು.

## ಕೈಯಲ್ಲಿ ಇರಬೇಕಾದ್ದು

ಟೆಸ್ಟ್‌ಗೆಂದೇ ಇಟ್ಟ ಒಂದು ಫೋನ್ ಅಥವಾ ಟ್ಯಾಬ್. ಅದನ್ನು ಆನಿಸಲು ಸ್ಟ್ಯಾಂಡ್ ಅಥವಾ ಗಟ್ಟಿ ದಿಂಬು. ಸ್ಕ್ರೀನ್ ಒರೆಸುವ ಬಟ್ಟೆ ಮತ್ತು ಸೋಂಕುನಾಶಕ. ನಡುಗುವ ಕೈಗೆ, ಒಣ ಬೆರಳಿಗೆ ರಬ್ಬರ್ ತುದಿಯ ಸ್ಟೈಲಸ್. ಪೆನ್ನು, ಹಾಳೆ.

ಇವೆಲ್ಲದಕ್ಕಿಂತ ಮುಖ್ಯವಾದದ್ದು ರೋಗಿಯ ಸ್ವಂತ ಕನ್ನಡಕ ಮತ್ತು ಶ್ರವಣಯಂತ್ರ. ಅವು ಸಾಮಾನ್ಯವಾಗಿ ಬ್ಯಾಗಿನ ತಳದಲ್ಲಿರುತ್ತವೆ, ಇಲ್ಲವೇ ಮನೆಯಲ್ಲೇ ಉಳಿದಿರುತ್ತವೆ. ಹಿಂದಿನ ದಿನವೇ ಮನೆಯವರಿಗೆ ಹೇಳಿ ತರಿಸಿ.

## ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಬರೆದುಕೊಳ್ಳಿ

ಆ್ಯಪ್ ತೆರೆಯುವ ಮೊದಲು ಒಂದು ಸಾಲು ಬರೆಯಿರಿ. ಇದನ್ನು ಬಿಟ್ಟವರೇ ಕೊನೆಗೆ "ಈ ಅಂಕಕ್ಕೆ ಏನು ಅರ್ಥ?" ಎಂದು ಕೇಳುವುದು.

ನಿನ್ನೆಯವರೆಗೆ ಸರಿ ಇದ್ದವರು ಇವತ್ತು ಗೊಂದಲದಲ್ಲಿದ್ದಾರೆ ಎಂದರೆ ನೀವು ಹುಡುಕುತ್ತಿರುವುದು ಡೆಲಿರಿಯಂ. ಅದರ ಮುಖ್ಯ ಗುರುತೇ ಗಮನ ಚದುರುವುದು. ಗಮನದ ಚಿಕ್ಕ ಟೆಸ್ಟ್ ಸಾಕು. ಲಿವರ್ ಸಿರೋಸಿಸ್ ಇರುವವರಲ್ಲಿ ಹೊರನೋಟಕ್ಕೆ ಕಾಣದ ಮಂಕು ಇದೆಯೇ ಎಂದು ನೋಡುವುದಾದರೆ ಸ್ಟ್ರೂಪ್ ಮಾದರಿಯ ಟೆಸ್ಟ್, ಅಂದರೆ ಬರೆದ ಪದವನ್ನು ಬಿಟ್ಟು ಅದರ ಬಣ್ಣವನ್ನು ಗುರುತಿಸುವುದು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ (ಮೆದುಳು, ಬೆನ್ನುಹುರಿಯ ನರಗಳ ಕಾಯಿಲೆ) ಯೋಚನೆಯ ವೇಗ ನೋಡಲು ಚಿಹ್ನೆ ಮತ್ತು ಅಂಕಿಯನ್ನು ಜೋಡಿಸುವ ಟೆಸ್ಟ್. ನಿದ್ದೆಗೆಟ್ಟವರಲ್ಲಿ, ಮಂಪರು ತರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪ್ರತಿಕ್ರಿಯೆಯ ಸಮಯ ಅಳೆಯುವ ಟೆಸ್ಟ್. ತಿಂಗಳುಗಳಿಂದ ಮರೆವು ಹೆಚ್ಚುತ್ತಿದೆ ಎಂದರೆ ಇವು ಯಾವುವೂ ಸಾಲವು. ನೆನಪು, ಭಾಷೆ, ಚಿತ್ರ ಬಿಡಿಸುವುದು ಎಲ್ಲ ಸೇರಿದ ದೊಡ್ಡ ಪರೀಕ್ಷೆ ಬೇಕು. ಅದಕ್ಕೆ ತರಬೇತಿ ಪಡೆದವರು ಬೇಕು.

## ಹಂತ 2: ಆ್ಯಪ್ ಆರಿಸಿಕೊಳ್ಳಿ

ಸ್ಟೋರಿನಲ್ಲಿ ಹುಡುಕಿದರೆ ಮೆದುಳು ಚುರುಕುಗೊಳಿಸುವ ಆಟಗಳು ರಾಶಿ ಬರುತ್ತವೆ. ಅವು ಆಟಗಳು. ಅಂಕ ಕೊಡುತ್ತವೆ ಎಂದ ಮಾತ್ರಕ್ಕೆ ಟೆಸ್ಟ್ ಆಗುವುದಿಲ್ಲ. ಸಂಶೋಧನೆಯಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ ಆ್ಯಪ್‌ಗಳೇ ಬೇರೆ.

ಎನ್ಸೆಫಲ್‌ಆ್ಯಪ್ ಸ್ಟ್ರೂಪ್ ಅಂಥದ್ದು. ಸಿರೋಸಿಸ್ ರೋಗಿಗಳಿಗೆಂದು ಬಳಕೆಗೆ ಬಂದದ್ದು. ಇದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಕೆಂಪು, ಹಸಿರು, ನೀಲಿ ಬಣ್ಣದ ಚಿಹ್ನೆಗಳು ಬರುತ್ತವೆ, ಆ ಬಣ್ಣದ ಹೆಸರನ್ನು ಮುಟ್ಟಬೇಕು. ಎರಡನೆಯದರಲ್ಲಿ "ಕೆಂಪು" ಎಂಬ ಪದವೇ ನೀಲಿ ಬಣ್ಣದಲ್ಲಿ ಬರುತ್ತದೆ. ಪದವನ್ನು ಬಿಟ್ಟು ಅದರ ಬಣ್ಣದ ಹೆಸರನ್ನು ಮುಟ್ಟಬೇಕು. ಒಂದು ಸುತ್ತಿಗೆ 10 ಪ್ರಶ್ನೆ, ಪ್ರತಿ ಭಾಗದಲ್ಲೂ ತಪ್ಪಿಲ್ಲದ 5 ಸುತ್ತು ಆಗಬೇಕು. ನಡುವೆ ತಪ್ಪಿದರೆ ಆ ಸುತ್ತು ಮೊದಲಿನಿಂದ. ಎರಡೂ ಭಾಗಕ್ಕೆ ಹಿಡಿದ ಸಮಯವನ್ನು ಕೂಡಿಸಿ ನೋಡುತ್ತಾರೆ. 5 ಸರಿ ಸುತ್ತು ಮುಗಿಸಲು ಎಷ್ಟು ಸುತ್ತು ಬೇಕಾಯಿತು ಎಂಬುದೂ ಗಮನಿಸಬೇಕಾದ ವಿಷಯ.

ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಡೆಲ್‌ಆ್ಯಪ್ ಡೆಲಿರಿಯಂಗೆ ಮೀಸಲು. ಮೊದಲು ರೋಗಿಯ ಎಚ್ಚರ ನೋಡಿ, ಆಮೇಲೆ ಸ್ಕ್ರೀನಿನಲ್ಲಿ ಒಂದಾದ ಮೇಲೊಂದು ಬರುವುದನ್ನು ಎಣಿಸಲು ಹೇಳುತ್ತದೆ. ನಾನು ಮೇಲೆ ಹೇಳಿದ ಕ್ರಮವೇ ಅದರೊಳಗೆ ಕೂತಿದೆ, ಅದಕ್ಕೇ ಅದರ ವಿನ್ಯಾಸ ನನಗೆ ಇಷ್ಟ. ಪ್ರತಿಕ್ರಿಯೆಯ ಸಮಯಕ್ಕೆ ಸೈಕೋಮೋಟರ್ ವಿಜಿಲೆನ್ಸ್ ಟೆಸ್ಟ್, ಅಂದರೆ ಪಿವಿಟಿ. ಇದರ ಮೂಲ ರೂಪ 10 ನಿಮಿಷದ್ದು. 2ರಿಂದ 10 ಸೆಕೆಂಡಿಗೊಮ್ಮೆ, ಯಾವಾಗ ಎಂದು ಗೊತ್ತಾಗದ ಹಾಗೆ, ಗುರುತು ಬರುತ್ತದೆ. ಕಂಡ ಕೂಡಲೇ ಮುಟ್ಟಬೇಕು. 3 ನಿಮಿಷದ ಚಿಕ್ಕ ರೂಪವೂ ಇದೆ. ವಾರ್ಡಿನಲ್ಲಿ ಮಲಗಿದವರಿಗೆ ಅದೇ ವಾಸಿ.

ಯಾವುದನ್ನೇ ಆರಿಸಿ, ನಾಲ್ಕು ವಿಷಯ ಕೇಳಿಕೊಳ್ಳಿ. ನನ್ನ ರೋಗಿಯಂಥವರ ಮೇಲೆ ಇದನ್ನು ಪರೀಕ್ಷಿಸಿದ್ದಾರೆಯೇ? ನನ್ನ ರೋಗಿಯ ಭಾಷೆಯಲ್ಲಿ? ನನ್ನ ಬಳಿ ಇರುವಂಥ ಸಾಧನದಲ್ಲಿ? ಒಟ್ಟು ಅಂಕದ ಜೊತೆ ಒಂದೊಂದು ಉತ್ತರದ ವಿವರವನ್ನೂ ತೋರಿಸುತ್ತದೆಯೇ? ಕೊನೆಯದ್ದಕ್ಕೆ ಇಲ್ಲ ಎಂದಾದರೆ ನಾನಂತೂ ಆ ಆ್ಯಪ್ ಮುಟ್ಟುವುದಿಲ್ಲ. ಏಕೆ ಎಂಬುದು ಹಂತ 7ರಲ್ಲಿ ಗೊತ್ತಾಗುತ್ತದೆ.

ಭಾಷೆಯ ಬಗ್ಗೆ ಇನ್ನೊಂದು ಮಾತು. ಇಂಗ್ಲಿಷ್ ಅಕ್ಷರಗಳ ಮೇಲೆ ನಿಂತ ಟೆಸ್ಟನ್ನು ನೀವೇ ಬಾಯಲ್ಲಿ ಅನುವಾದ ಮಾಡಿ ನಡೆಸಬೇಡಿ. ಇಂಥ ಅಕ್ಷರದಿಂದ ಶುರುವಾಗುವ ಪದ ಹೇಳಿ ಎನ್ನುವುದು, ಅಂಕಿ ಮತ್ತು ಅಕ್ಷರವನ್ನು ಸಾಲಾಗಿ ಜೋಡಿಸುವುದು, ಇವೆಲ್ಲ ಭಾಷೆ ಬದಲಾದ ಕೂಡಲೇ ಸುಲಭವೋ ಕಷ್ಟವೋ ಆಗಿಬಿಡುತ್ತವೆ. ಮೂಲದ ಅಂಕಪಟ್ಟಿ ಅದಕ್ಕೆ ಹೊಂದುವುದಿಲ್ಲ. ಓದು ಬಾರದವರಿಗೆ ಆಕಾರ, ಚಿತ್ರ, ಬೆಳಕಿನ ಟೆಸ್ಟ್ ಆರಿಸಿ.

ಹಾಳೆಯ ಮೇಲಿನ ಟೆಸ್ಟಿನ ಫೋಟೋ ತೆಗೆದು ಫೋನಿನಲ್ಲಿ ತೋರಿಸುವುದನ್ನೂ ಕಂಡಿದ್ದೇನೆ. ಬೇಡ. ನೆನಪು, ಗಮನ ಎಲ್ಲ ನೋಡುವ ಹಾಳೆಯ ಪರೀಕ್ಷೆಗಳಲ್ಲಿ 1975ರಲ್ಲಿ ಬಂದ ಎಂಎಂಎಸ್‌ಇಗೆ ಹಕ್ಕುಸ್ವಾಮ್ಯ ಇದೆ. 2005ರಲ್ಲಿ ಪ್ರಕಟವಾದ, ಅಂಥದ್ದೇ ಆದ ಮೋಕಾ ಪರೀಕ್ಷೆಗೆ ತರಬೇತಿ, ಪ್ರಮಾಣಪತ್ರ ಕೇಳುತ್ತಾರೆ. ಅಲ್ಲದೆ ಹಾಳೆಯಿಂದ ಸ್ಕ್ರೀನಿಗೆ ಬಂದ ಮೇಲೆ ಅದು ಬೇರೆಯೇ ಟೆಸ್ಟ್.

## ಹಂತ 3: ಫೋನನ್ನು ಸಿದ್ಧ ಮಾಡಿ

ಇದಕ್ಕೆ ಐದು ನಿಮಿಷ ಸಾಕು. ರೋಗಿಯ ಮುಂದೆ ಮಾಡಬೇಡಿ, ಮೊದಲೇ ಮುಗಿಸಿ.

ಏರ್‌ಪ್ಲೇನ್ ಮೋಡ್ ಹಾಕಿ, ಡೋಂಟ್ ಡಿಸ್ಟರ್ಬ್ ಕೂಡ ಆನ್ ಮಾಡಿ. ಅಲಾರಂ ಇಟ್ಟಿದ್ದರೆ ತೆಗೆಯಿರಿ. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಪಿನ್ನಿಂಗ್, ಐಫೋನಿನಲ್ಲಿ ಗೈಡೆಡ್ ಆ್ಯಕ್ಸೆಸ್ ಆನ್ ಮಾಡಿದರೆ ರೋಗಿಯ ಬೆರಳು ತಪ್ಪಿ ಬಿದ್ದರೂ ಆ್ಯಪ್‌ನಿಂದ ಹೊರಗೆ ಹೋಗುವುದಿಲ್ಲ. ಹೊಳಪು ತಾನಾಗಿಯೇ ಬದಲಾಗುವುದನ್ನು ಆಫ್ ಮಾಡಿ, ಒಂದೇ ಮಟ್ಟದಲ್ಲಿಡಿ.

ಈಗ ಯಾರೂ ನೋಡದ ಜಾಗ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಎಂದು ಸ್ಕ್ರೀನನ್ನು ಹಳದಿ ಮಾಡುವ ನೈಟ್ ಲೈಟ್ ಇದೆಯಲ್ಲ, ಅದು ಸಂಜೆ ತಾನೇ ಆನ್ ಆಗುತ್ತದೆ. ಕೆಲವು ಫೋನ್‌ಗಳಲ್ಲಿ ಮಲಗುವ ಹೊತ್ತಿಗೆ ಸ್ಕ್ರೀನ್ ಪೂರ್ತಿ ಕಪ್ಪು-ಬಿಳುಪಾಗುತ್ತದೆ. ಬಣ್ಣದ ಟೆಸ್ಟ್ ಅಲ್ಲಿಗೆ ಹಾಳು. ಬೆಳಿಗ್ಗೆ ಸರಿಯಾಗಿ ಮಾಡಿದವರು ಸಂಜೆ ತಡವರಿಸಿದರೆ ಮೊದಲು ಈ ಸೆಟ್ಟಿಂಗ್ ನೋಡಿ.

ಬ್ಯಾಟರಿ ಉಳಿಸುವ ಮೋಡ್ ಕೂಡ ಆಫ್ ಇರಲಿ. ಸ್ಕ್ರೀನ್ ಎಷ್ಟು ಬೇಗ ಬೇಗ ಹೊಸ ಚಿತ್ರ ತೋರಿಸುತ್ತದೆ ಎಂಬುದನ್ನು ಅದು ಕಡಿಮೆ ಮಾಡಬಹುದು. 60 ಹರ್ಟ್ಸ್ ಸ್ಕ್ರೀನಿನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್ ಅಂತರ. 120 ಹರ್ಟ್ಸ್‌ನಲ್ಲಿ 8.3. ಬೆರಳು ಮುಟ್ಟಿದ್ದು ಫೋನಿಗೆ ತಿಳಿಯಲು ಹಿಡಿಯುವ ಸಮಯ ಬೇರೆ, ಅದು ಫೋನಿನಿಂದ ಫೋನಿಗೆ ವ್ಯತ್ಯಾಸ. ಮಿಲಿಸೆಕೆಂಡ್ ಲೆಕ್ಕದ ಟೆಸ್ಟಿಗೆ ಇದು ಚಿಕ್ಕ ವಿಷಯ ಅಲ್ಲ. ಆದ್ದರಿಂದ ಒಬ್ಬ ರೋಗಿಗೆ ಪ್ರತಿ ಸಲವೂ ಅದೇ ಫೋನ್ ಬಳಸಿ. ದಪ್ಪ ಸ್ಕ್ರೀನ್ ಗಾರ್ಡ್ ಇದ್ದರೆ, ಅದು ಬಿರುಕು ಬಿಟ್ಟಿದ್ದರೆ ತೆಗೆಯಿರಿ.

ನಿಮ್ಮ ಸ್ವಂತ ಫೋನಿನಲ್ಲಿ ಮಾಡಲೇಬೇಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದರೆ ಅದು ಗ್ಯಾಲರಿಗೆ ಹೋಗುತ್ತದೆ. ಗ್ಯಾಲರಿ ತಾನಾಗಿಯೇ ಕ್ಲೌಡ್‌ಗೆ ಏರುತ್ತದೆ. ರೋಗಿಯ ಹೆಸರು ಸಮೇತ ನಿಮ್ಮ ಮನೆಯವರ ಟ್ಯಾಬ್‌ನಲ್ಲೂ ಕಾಣಿಸಬಹುದು. ಆ್ಯಪ್‌ಗೆ ಹೆಸರು ಹಾಕಬೇಡಿ. ಒಂದು ಕೋಡ್ ಹಾಕಿ, ಕೋಡ್ ಯಾರದ್ದು ಎಂಬುದು ಕೇಸ್ ಶೀಟಿನಲ್ಲಿ ಮಾತ್ರ ಇರಲಿ. ಕಾಂಟ್ಯಾಕ್ಟ್ಸ್, ಲೊಕೇಶನ್ ಕೇಳುವ ಆ್ಯಪ್ ಆಗಿದ್ದರೆ ಕೊಡಬೇಡಿ. ವಾಟ್ಸ್‌ಆ್ಯಪ್ ಗ್ರೂಪಿಗೆ ಅಂಕ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

## ಹಂತ 4: ಫೋನ್ ಜೇಬಿನಲ್ಲೇ ಇರಲಿ, ರೋಗಿಯನ್ನು ನೋಡಿ

ಎಲ್ಲಕ್ಕಿಂತ ಮುಖ್ಯ ಹಂತ ಇದೇ. ಜನ ಹಾರಿ ಹೋಗುವುದೂ ಇದನ್ನೇ.

ಮೊದಲು ಎಚ್ಚರ. ಹೆಸರು ಹಿಡಿದು ಮಾಮೂಲಿ ದನಿಯಲ್ಲಿ ಕರೆಯಿರಿ. ಕಣ್ಣು ಬಿಟ್ಟು ನಿಮ್ಮನ್ನು ನೋಡಿ, 10 ಸೆಕೆಂಡಾದರೂ ನೋಟ ನಿಲ್ಲಿಸುತ್ತಾರೆಯೇ? ಮಾತಿನ ನಡುವೆ ರೆಪ್ಪೆ ಇಳಿಯುತ್ತದೆಯೇ? ಅಥವಾ ಅತಿಯಾಗಿ ಚಡಪಡಿಸುತ್ತಾ, ಬೆಡ್‌ಶೀಟ್ ಎಳೆಯುತ್ತಾ, ಬಾಗಿಲ ಕಡೆಗೇ ನೋಡುತ್ತಿದ್ದಾರೆಯೇ? ಎರಡೂ ಸರಿಯಲ್ಲ. ಹೀಗಿದ್ದರೆ ಫೋನ್ ಹೊರಗೆ ತೆಗೆಯಬೇಡಿ. "ಟೆಸ್ಟ್ ಮಾಡಲಾಗಲಿಲ್ಲ, ಮಂಪರು ಇದೆ" ಎಂದು ಬರೆಯಿರಿ. ಇದನ್ನು ಸೋಲು ಎಂದುಕೊಂಡು ಜನ ರೋಗಿಯನ್ನು ಅಲುಗಾಡಿಸಿ ಎಬ್ಬಿಸಿ ಟೆಸ್ಟ್ ಮಾಡಿಸುತ್ತಾರೆ. ಮಾಡಲಾಗಲಿಲ್ಲ ಎನ್ನುವುದೇ ಒಂದು ಫಲಿತಾಂಶ.

ಫೋನಿಲ್ಲದೆ ಎರಡೇ ನಿಮಿಷದಲ್ಲಿ ಮಾಡುವ 4ಎಟಿ ಪರೀಕ್ಷೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ನಾಲ್ಕು ಭಾಗ: ಎಚ್ಚರ ಹೇಗಿದೆ; ವಯಸ್ಸು, ಹುಟ್ಟಿದ ದಿನ, ಈಗ ಇರುವ ಜಾಗ, ಈಗಿನ ವರ್ಷ ಹೇಳುತ್ತಾರೆಯೇ; ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳುತ್ತಾರೆಯೇ; ಇತ್ತೀಚೆಗೆ ದಿಢೀರ್ ಬದಲಾವಣೆ ಅಥವಾ ಏರಿಳಿತ ಆಗಿದೆಯೇ. ತಿಂಗಳು ಹೇಳುವುದರಲ್ಲಿ 7 ಅಥವಾ ಜಾಸ್ತಿ ಸರಿಯಾದರೆ ಸೊನ್ನೆ, ಶುರು ಮಾಡಿ 7 ತಲುಪದಿದ್ದರೆ 1. ಮಂಪರಿನಿಂದ ಶುರುವನ್ನೇ ಮಾಡಲಾಗದಿದ್ದರೆ 2. ಅಂದರೆ ಮಾಡಲಾಗದ್ದಕ್ಕೆ ತಪ್ಪು ಮಾಡಿದ್ದಕ್ಕಿಂತ ಜಾಸ್ತಿ ತೂಕ. ಒಟ್ಟು 12ಕ್ಕೆ 4 ಅಥವಾ ಮೇಲೆ ಬಂದರೆ ಡೆಲಿರಿಯಂ ಇರಬಹುದು. ಆ್ಯಪ್‌ಗೆ ಮೊದಲು ಇದನ್ನು ಮಾಡಿಬಿಡಿ ಎಂಬುದು ನನ್ನ ಸಲಹೆ.

ಆಮೇಲೆ ಕಣ್ಣು. ಕನ್ನಡಕ ಹಾಕಿಸಿ, ಗಾಜು ಒರೆಸಿ. ಸ್ಕ್ರೀನಿನಲ್ಲಿ ಬರುವಷ್ಟೇ ದೊಡ್ಡ ಅಕ್ಷರ ಅಥವಾ ಆಕಾರ ತೋರಿಸಿ, ಏನೆಂದು ಕೇಳಿ. ಬಣ್ಣದ ಟೆಸ್ಟ್ ಆದರೆ ಮೂರೂ ಬಣ್ಣ ತೋರಿಸಿ ಹೆಸರು ಹೇಳಿಸಿ. ಬಣ್ಣಗುರುಡು ಗಂಡಸರಲ್ಲಿ ಹೆಂಗಸರಿಗಿಂತ ಎಷ್ಟೋ ಜಾಸ್ತಿ, ಮತ್ತು ಎಷ್ಟೋ ಜನಕ್ಕೆ ತಮಗಿದೆ ಎಂಬುದೇ ಗೊತ್ತಿರುವುದಿಲ್ಲ.

ಕಿವಿ. ಬೆನ್ನ ಹಿಂದಿನಿಂದ ಒಂದು ಸುಲಭ ಪ್ರಶ್ನೆ ಕೇಳಿ. ನಿಮ್ಮ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದವರು ಆಗ ಸಿಕ್ಕಿಬೀಳುತ್ತಾರೆ. ಮಾಸ್ಕ್ ಹಾಕಿದ್ದರೆ ಅವರಿಗೆ ನೀವು ಹೇಳಿದ ಸೂಚನೆ ಅರ್ಧವೂ ತಲುಪಿರುವುದಿಲ್ಲ.

ಕೈ. ಯಾವ ಕೈ ಬಳಕೆಯದ್ದು, ಅದರಲ್ಲಿ ಡ್ರಿಪ್ ಇದೆಯೇ, ಕ್ಲಿಪ್ ಇದೆಯೇ, ನಡುಕ, ಊತ, ಸಂದು ನೋವು ಇದೆಯೇ ನೋಡಿ. ಬೆರಳು ತಣ್ಣಗಿದ್ದರೆ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ.

ಇನ್ನು ಹೊಟ್ಟೆ, ನೋವು, ಮಾತ್ರೆ. ನೋವಿನಲ್ಲಿ ಇರುವವರು, ಮೂತ್ರ ಕಟ್ಟಿದವರು, ರಾತ್ರಿ ಇಡೀ ನಿದ್ದೆ ಮಾಡದವರು, ಹಸಿದವರು ಯಾವ ಟೆಸ್ಟ್‌ನಲ್ಲೂ ಚೆನ್ನಾಗಿ ಮಾಡುವುದಿಲ್ಲ. ನಿದ್ದೆ ಮಾತ್ರೆ, ಬೆಂಜೊಡಯಜೆಪೀನ್ (ಆತಂಕ ಇಳಿಸಿ ಮಂಪರು ತರುವ ಮಾತ್ರೆ), ಓಪಿಯಾಯ್ಡ್ ನೋವು ನಿವಾರಕ, ಹಳೆಯ ಮಾದರಿಯ ಅಲರ್ಜಿ ಮಾತ್ರೆ, ಇವು ಕೊನೆಯ ಸಲ ಯಾವಾಗ ಹೋದವು ಎಂದು ಚಾರ್ಟ್ ನೋಡಿ. ಜ್ವರ, ಆಕ್ಸಿಜನ್ ಮಟ್ಟ, ಸಕ್ಕರೆ ಅಂಶವನ್ನೂ ನೋಡಿ.

ಕೊನೆಗೆ ಒಪ್ಪಿಗೆ. "ನಿಮ್ಮ ಗಮನ ಹೇಗಿದೆ ಎಂದು ನೋಡಲು ಫೋನಿನಲ್ಲಿ ಒಂದು ಚಿಕ್ಕ ಟೆಸ್ಟ್. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು" ಎಂದು ಹೇಳಿ ಕೇಳಿ. ಆಟ ಎಂದು ಸುಳ್ಳು ಹೇಳಬೇಡಿ. ಗೊಂದಲದಲ್ಲಿ ಇರುವವರಿಗೆ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಿದ್ದರೆ ಮನೆಯವರ ಜೊತೆ, ನಿಮ್ಮ ಹಿರಿಯರ ಜೊತೆ ಮಾತಾಡಿ ಮುಂದುವರಿಯಿರಿ.

## ಹಂತ 5: ಸೂಚನೆ ಮತ್ತು ಅಭ್ಯಾಸ

ಸೂಚನೆಯನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲರಿಗೂ ಅದೇ ಮಾತಿನಲ್ಲಿ ಹೇಳಿ. ಒಬ್ಬ ನರ್ಸ್ "ಬೇಗ ಬೇಗ ಒತ್ತಿ" ಎಂದು, ಇನ್ನೊಬ್ಬರು "ನಿಧಾನ, ತಪ್ಪಬಾರದು" ಎಂದು ಹೇಳಿದರೆ ಅಂಕಗಳನ್ನು ಹೋಲಿಸಲು ಆಗುವುದಿಲ್ಲ. ನಾನು ಪಿವಿಟಿಗೆ ಹೇಳುವುದು ಹೀಗೆ:

"ಅಮ್ಮಾ, ಈ ಚೌಕದಲ್ಲಿ ಆಗಾಗ ಕೆಂಪು ಗುರುತು ಬರುತ್ತದೆ. ಬಂದ ಕೂಡಲೇ ಇಲ್ಲಿ ಒಂದು ಸಲ ಮುಟ್ಟಿ. ಬರುವ ಮೊದಲೇ ಮುಟ್ಟಬೇಡಿ. ಬೆರಳು ಸ್ಕ್ರೀನಿನ ಮೇಲೆ ಇಡಬೇಡಿ, ಸ್ವಲ್ಪ ಮೇಲೆ ಹಿಡಿದುಕೊಳ್ಳಿ. ಮೂರು ನಿಮಿಷ ನಾನು ಮಾತಾಡುವುದಿಲ್ಲ."

ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈಗ ಏನು ಮಾಡಬೇಕು, ನೀವೇ ಹೇಳಿ ನೋಡೋಣ" ಎಂದು ಕೇಳಿ. ಆಗ ನಿಜ ಗೊತ್ತಾಗುತ್ತದೆ, ಅಲ್ವಾ?

ಅಭ್ಯಾಸದ ಸುತ್ತನ್ನು ಬಿಡಬೇಡಿ. ಟಚ್ ಫೋನ್ ಬಳಸದವರು ಬಟನ್ ಒತ್ತುವ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಕೆಲವರು ಉಗುರಿನಿಂದ ಮುಟ್ಟುತ್ತಾರೆ. ಇನ್ನು ಕೆಲವರ ಅಂಗೈ ಸ್ಕ್ರೀನಿನ ಅಂಚಿಗೆ ತಾಗುತ್ತಿರುತ್ತದೆ. ಇವನ್ನೆಲ್ಲ ಅಭ್ಯಾಸದಲ್ಲೇ ತಿದ್ದಿ. ಅಭ್ಯಾಸ ಎಷ್ಟು ಸಲ ಎಂದು ಆ್ಯಪ್‌ನವರು ಹೇಳಿದ್ದಾರೋ ಅಷ್ಟೇ. ಜಾಸ್ತಿ ಮಾಡಿಸಿದರೆ ಅಂಕ ಮೇಲೇರುತ್ತದೆ. ಎರಡು ಸಲ ಅಭ್ಯಾಸ ಆದರೂ ಏನು ಮಾಡಬೇಕೆಂದು ಹಿಡಿಯದಿದ್ದರೆ ನಿಲ್ಲಿಸಿ, ಹಾಗೆಂದೇ ಬರೆಯಿರಿ.

## ಹಂತ 6: ಟೆಸ್ಟ್ ನಡೆಯುವಾಗ

ನೀವು ಸುಮ್ಮನಿರಿ. "ಶಾಬಾಷ್", "ಅಯ್ಯೋ, ಮಿಸ್ ಆಯ್ತು" ಎರಡೂ ಬೇಡ. ಮನೆಯವರು ಪಕ್ಕದಲ್ಲಿದ್ದರೆ ಪ್ರೀತಿಯಿಂದಲೇ "ಅಲ್ಲಿ, ಅಲ್ಲಿ ಒತ್ತು" ಎನ್ನುತ್ತಾರೆ. ಅವರಿಗೆ ಮೊದಲೇ ಹೇಳಿ, ರೋಗಿಯ ಕಣ್ಣಿಗೆ ಕಾಣದ ಕಡೆ ಕುರ್ಚಿ ಹಾಕಿ ಕೂರಿಸಿ. ಊಟದ ಗಾಡಿ ಬರುವ ಹೊತ್ತು, ರೌಂಡ್ಸ್ ಹೊತ್ತು ಬೇಡ.

ನಿಮ್ಮ ಕಣ್ಣು ಸ್ಕ್ರೀನಿನ ಮೇಲಲ್ಲ, ರೋಗಿಯ ಮುಖದ ಮೇಲೆ ಇರಲಿ. ಸ್ಕ್ರೀನಿನಲ್ಲಿ ನಡೆಯುವುದನ್ನು ಆ್ಯಪ್ ಬರೆದುಕೊಳ್ಳುತ್ತದೆ. ಮುಖದಲ್ಲಿ ನಡೆಯುವುದನ್ನು ಬರೆದುಕೊಳ್ಳಲು ನೀವೊಬ್ಬರೇ ಇದ್ದೀರಿ. ಯಾವ ನಿಮಿಷದಲ್ಲಿ ರೆಪ್ಪೆ ಇಳಿಯಿತು, ಯಾವಾಗ ಬಾಗಿಲ ಸದ್ದಿಗೆ ತಿರುಗಿದರು, ಯಾವಾಗ ಕೈ ಸೋತು ಕೆಳಗೆ ಬಂತು, ಹಾಳೆಯ ಮೇಲೆ ಸಮಯದ ಸಮೇತ ಗುರುತು ಹಾಕಿ. ಟೆಸ್ಟ್ ನಡುವೆ ಅಡ್ಡಿ ಬಂದರೆ ಅಂಕ ಲೆಕ್ಕಕ್ಕಿಲ್ಲ. ಮುಂದುವರಿಸಿ ಅಂದಾಜಿನ ಮೇಲೆ ತಿದ್ದಬೇಡಿ, ಬೇರೆ ಹೊತ್ತಿಗೆ ಹೊಸದಾಗಿ ಮಾಡಿ.

### ಇವು ಕಂಡರೆ ಫೋನ್ ಕೆಳಗಿಡಿ, ವೈದ್ಯರನ್ನು ಕರೆಯಿರಿ

ಸ್ಕ್ರೀನಿನ ಒಂದೇ ಬದಿಯದ್ದನ್ನೆಲ್ಲ ಬಿಡುತ್ತಿದ್ದಾರೆ. ಎಡಗಡೆಯ ಗುರುತು ಒಂದನ್ನೂ ಮುಟ್ಟುವುದಿಲ್ಲ, ಬಲಗಡೆಯದ್ದು ಎಲ್ಲ ಸರಿ. ಇದು ಗಮನದ ಕೊರತೆ ಎಂದು ಅಂಕ ಹಾಕಿ ಮುಗಿಸುವ ವಿಷಯ ಅಲ್ಲ. ಪಾರ್ಶ್ವವಾಯು ಇರಬಹುದು, ದೃಷ್ಟಿಯ ಅರ್ಧ ಭಾಗ ಹೋಗಿರಬಹುದು.

ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು ಕಂಡರೂ ಹಾಗೆಯೇ. ಕೂಡಲೇ ಕರೆಯಿರಿ, ಪ್ರತಿ ನಿಮಿಷವೂ ಬೆಲೆ ಬಾಳುತ್ತದೆ. ತಲೆಗೆ ಪೆಟ್ಟು ಬಿದ್ದವರು ಮಂಪರಾಗುತ್ತಾ ಹೋದರೆ, ಜ್ವರದ ಜೊತೆ ಕತ್ತು ಬಿಗಿದಿದ್ದರೆ, ಬೆವರಿ ನಡುಗುತ್ತಾ ಗೊಂದಲಕ್ಕೆ ಬಿದ್ದರೆ, ಕೆಲವು ಸೆಕೆಂಡು ಕಲ್ಲಿನಂತೆ ನಿಂತು ಏನೂ ಆಗದವರಂತೆ ಮತ್ತೆ ಶುರು ಮಾಡಿದರೆ, ಇಲ್ಲದ್ದು ಕಾಣುತ್ತಿದೆ ಎಂದರೆ, ಟೆಸ್ಟ್ ಮುಗಿಯಲಿ ಎಂದು ಕಾಯಬೇಡಿ.

## ಹಂತ 7: ಅಂಕ ಓದುವುದು

ಆ್ಯಪ್ ದೊಡ್ಡ ಅಕ್ಷರದಲ್ಲಿ ತೋರಿಸುವ ಒಂದು ಅಂಕಿಯನ್ನು ನೋಡಿ ಮುಚ್ಚಬೇಡಿ. ಒಳಗಿನ ಪಟ್ಟಿ ತೆರೆಯಿರಿ.

ಒಂದು ಉದಾಹರಣೆ. ಐದು ಸಲದ ಪ್ರತಿಕ್ರಿಯೆ ಹೀಗಿದೆ ಅಂದುಕೊಳ್ಳಿ: 310, 290, 330, 305, 1450 ಮಿಲಿಸೆಕೆಂಡ್. ಸರಾಸರಿ 537. ಅದನ್ನಷ್ಟೇ ನೋಡಿದರೆ ರೋಗಿ ಬಹಳ ನಿಧಾನ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದ್ದನ್ನು ನೋಡಿದರೆ 310. ರೋಗಿ ನಿಧಾನ ಅಲ್ಲ, ಒಂದು ಸಲ ಗಮನ ಎಲ್ಲಿಗೋ ಹೋಗಿದೆ. ಆ 1450 ಬಂದ ಹೊತ್ತಿಗೆ ನಿಮ್ಮ ಹಾಳೆಯಲ್ಲಿ "ಬಾಗಿಲು ಬಡಿಯಿತು" ಎಂದಿದೆಯೇ ನೋಡಿ. ಹಂತ 6ರ ಗುರುತುಗಳು ಕೆಲಸಕ್ಕೆ ಬರುವುದು ಇಲ್ಲಿ. ನಿಜವಾದ ಟೆಸ್ಟಿನಲ್ಲಿ ಇಂಥ ಉತ್ತರಗಳು ಹತ್ತಾರು ಇರುತ್ತವೆ, ಓದುವ ರೀತಿ ಇದೇ.

10 ನಿಮಿಷದ ಪಿವಿಟಿಯಲ್ಲಿ 500 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ತಡವಾದದ್ದನ್ನು ಗಮನ ತಪ್ಪಿದ್ದು ಎಂದು ಎಣಿಸುತ್ತಾರೆ. 3 ನಿಮಿಷದ ರೂಪದಲ್ಲಿ ಆ ಗೆರೆ 355. ಎರಡನ್ನೂ ಬೆರೆಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಮತ್ತು ಇದು ನಾನು ತುಂಬಾ ಕಡೆ ಕಂಡ ತಪ್ಪು. ಇನ್ನು 100 ಮಿಲಿಸೆಕೆಂಡಿಗಿಂತ ಬೇಗ ಬಂದದ್ದನ್ನು ಚುರುಕು ಎಂದುಕೊಳ್ಳಬೇಡಿ. ಗುರುತು ಕಂಡು, ಬೆರಳು ಅಲುಗಾಡಲು ಅಷ್ಟು ಸಮಯ ಸಾಲದು. ಅದು ಅಂದಾಜಿಗೆ ಒತ್ತಿದ್ದು. ಅಂಥವು ಜಾಸ್ತಿ ಇದ್ದರೆ ಸೂಚನೆ ಅರ್ಥವಾಗಿಲ್ಲ, ಅಥವಾ ತಡೆದುಕೊಳ್ಳಲು ಆಗುತ್ತಿಲ್ಲ.

ವೇಗ ಮತ್ತು ತಪ್ಪು ಎರಡನ್ನೂ ಒಟ್ಟಿಗೆ ನೋಡಿ. ನಿಧಾನ, ಆದರೆ ಒಂದೂ ತಪ್ಪಿಲ್ಲ ಎನ್ನುವವರು ಸಾಮಾನ್ಯವಾಗಿ ಎಚ್ಚರಿಕೆಯ ಮನುಷ್ಯರು, ಇಲ್ಲವೇ ಕೈ ನೋವಿನವರು. ಶುರುವಿನಲ್ಲಿ ಚೆನ್ನಾಗಿದ್ದು ಕೊನೆಯ ನಿಮಿಷದಲ್ಲಿ ಕುಸಿದರೆ ಗಮನ ಇದೆ, ಹಿಡಿದು ನಿಲ್ಲಿಸಲು ಆಗುತ್ತಿಲ್ಲ ಎಂದರ್ಥ. ಶುರುವಿನಿಂದಲೇ ಒಮ್ಮೆ ಬೇಗ, ಒಮ್ಮೆ ತಡ ಎಂದು ಏರುಪೇರಾಗಿದ್ದರೆ ನನಗೆ ಅದು ಜಾಸ್ತಿ ಆತಂಕ ತರುತ್ತದೆ.

ಗೆರೆ ದಾಟಿದ ಮಾತ್ರಕ್ಕೆ ಕಾಯಿಲೆ ಎಂದು ಬರೆಯಬೇಡಿ. ಲೆಕ್ಕ ಹಾಕಿ ನೋಡಿ. 100 ಜನರಲ್ಲಿ 10 ಜನಕ್ಕೆ ನಿಜವಾಗಿ ತೊಂದರೆ ಇದೆ. ಟೆಸ್ಟ್ ತೊಂದರೆ ಇರುವವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 80 ಜನರನ್ನು ಸರಿ ಎನ್ನುತ್ತದೆ. ಆಗ ಆ 10ರಲ್ಲಿ 8 ಸಿಗುತ್ತಾರೆ. ಉಳಿದ 90 ಆರೋಗ್ಯವಂತರಲ್ಲಿ 18 ಜನಕ್ಕೂ ತೊಂದರೆ ಇದೆ ಎಂದು ತೋರಿಸುತ್ತದೆ. ಒಟ್ಟು 26 ಜನ ಗೆರೆ ದಾಟಿದರು, ನಿಜವಾದವರು 8. ಯಾರಿಗೆ ಇನ್ನೂ ಚೆನ್ನಾಗಿ ನೋಡಬೇಕು ಎಂದು ಆರಿಸಲು ಆ್ಯಪ್ ಒಳ್ಳೆಯದು. ಕಾಯಿಲೆಯ ಹೆಸರು ಹೇಳುವುದು ವೈದ್ಯರ ಕೆಲಸ.

ವಯಸ್ಸು, ಓದು ಎರಡೂ ಅಂಕವನ್ನು ಬದಲಿಸುತ್ತವೆ. ಆ್ಯಪ್ ಹೋಲಿಸುತ್ತಿರುವುದು ಯಾವ ಗುಂಪಿನ ಜೊತೆ ಎಂದು ಗೊತ್ತಿಲ್ಲದಿದ್ದರೆ ಅದರ ಬಣ್ಣದ ಪಟ್ಟಿಯನ್ನು ಬಿಟ್ಟುಬಿಡಿ. ರೋಗಿಯನ್ನು ಅವರ ಹಿಂದಿನ ಅಂಕದ ಜೊತೆಗೇ ಹೋಲಿಸಿ.

## ಹಂತ 8: ಬರೆದಿಡುವುದು

ಬರೀ ಅಂಕ ಬರೆದರೆ ಮುಂದಿನ ಪಾಳಿಯವರಿಗೆ ಪ್ರಯೋಜನ ಇಲ್ಲ. ಹೀಗಿರಲಿ:

"ಬೆಳಿಗ್ಗೆ 10.20. ಪಿವಿಟಿ 3 ನಿಮಿಷ, ವಾರ್ಡ್ ಫೋನ್. ಪೂರ್ತಿ ಎಚ್ಚರ, ಕನ್ನಡಕ ಹಾಕಿದ್ದಾರೆ, ಬಲ ತೋರುಬೆರಳು. ರಾತ್ರಿ 2ಕ್ಕೆ ನೋವಿನ ಇಂಜೆಕ್ಷನ್. ಅಭ್ಯಾಸ 1 ಸಲ. 355 ದಾಟಿದ್ದು 6, ಮೊದಲೇ ಒತ್ತಿದ್ದು 1. ಕೊನೆಯ ನಿಮಿಷದಲ್ಲಿ ಎರಡು ಸಲ ಕಣ್ಣು ಮುಚ್ಚಿದರು."

ಆ್ಯಪ್‌ನ ಆವೃತ್ತಿಯನ್ನೂ ಬರೆಯಿರಿ. ಅಪ್‌ಡೇಟ್ ಆದ ಮೇಲೆ ಲೆಕ್ಕದ ರೀತಿ ಬದಲಾಗಿರಬಹುದು. ಟೆಸ್ಟ್ ಫೋನಿನಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿಡಿ.

## ಹಂತ 9: ಮತ್ತೆ ಮಾಡುವುದು

ಒಂದೇ ಫೋನ್, ಒಂದೇ ಕೈ, ಸಾಧ್ಯವಾದರೆ ದಿನದ ಒಂದೇ ಹೊತ್ತು. ಎರಡನೇ ಸಲ ಅಂಕ ಸ್ವಲ್ಪ ಮೇಲೇರಿದರೆ ಅದು ಗುಣವಾದದ್ದೋ ಅಭ್ಯಾಸವಾದದ್ದೋ ಹೇಳಲು ಬರುವುದಿಲ್ಲ. ಪ್ರಶ್ನೆಗಳು ಬದಲಾಗುವ ರೂಪ ಇದ್ದರೆ ಅದನ್ನು ಬಳಸಿ. ಆದರೆ ಅಭ್ಯಾಸ ಆದ ಮೇಲೂ ಅಂಕ ಕೆಳಗಿಳಿದರೆ ಅದನ್ನು ನಂಬಿ, ಅದೇ ದಿನ ತಿಳಿಸಿ.

ಡೆಲಿರಿಯಂ ಅನುಮಾನ ಇದ್ದರೆ ಮಾತ್ರ ಒಂದೇ ಹೊತ್ತಿನ ನಿಯಮ ಬಿಡಿ. ಅದು ಗಂಟೆಗಂಟೆಗೆ ಏರಿಳಿಯುತ್ತದೆ, ಸಂಜೆ, ರಾತ್ರಿ ಜಾಸ್ತಿಯಾಗುವುದು ಸಾಮಾನ್ಯ. ಬೆಳಿಗ್ಗೆ 10ರ ಒಳ್ಳೆ ಅಂಕ ರಾತ್ರಿ 10ಕ್ಕೆ ಯಾವ ಭರವಸೆಯೂ ಅಲ್ಲ. ಈ ಬರಹದ ಮೊದಲಿಗೆ ಹೇಳಿದ ಡ್ರಿಪ್ ಕಿತ್ತ ರೋಗಿಯ ವಿಷಯದಲ್ಲಿ ಆದದ್ದು ಇದೇ. ಪ್ರತಿ ಪಾಳಿಯಲ್ಲಿ ಒಮ್ಮೆ ನೋಡಿ. ರಾತ್ರಿ ಅವರ ಜೊತೆ ಇದ್ದ ಮನೆಯವರನ್ನು ಕೇಳಿ: "ಇವರು ಮಾಮೂಲಿನ ಹಾಗೆ ಇದ್ದಾರಾ?" ಇಲ್ಲ ಎಂದರೆ ಆ್ಯಪ್ ಏನೇ ತೋರಿಸಲಿ, ವೈದ್ಯರಿಗೆ ಹೇಳಿ.

## ಹಂತ 10: ರೋಗಿಗೆ ಹೇಳುವುದು

ಟೆಸ್ಟ್ ಮುಗಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಎಷ್ಟು ಬಂತು? ಪಾಸಾ?" ಅವರ ಕಣ್ಣಲ್ಲಿ ಹೆದರಿಕೆ ಇರುತ್ತದೆ. ಬುದ್ಧಿ ಕೆಡುತ್ತಿದೆ ಎಂಬ ಹೆದರಿಕೆ ಅದು. ಸ್ಕ್ರೀನಿನಲ್ಲಿ ಕೆಂಪು ಪಟ್ಟಿ ಬಂದಿದ್ದರೆ ಅದನ್ನು ಅವರ ಮುಂದೆ ಹಿಡಿಯಬೇಡಿ. ಹಾಗೆಂದು ಚೆನ್ನಾಗಿದೆ ಎಂದು ಸುಳ್ಳೂ ಹೇಳಬೇಡಿ.

ಕುರ್ಚಿ ಎಳೆದುಕೊಂಡು ಕೂತು ಹೇಳಿ: "ಇವತ್ತು ನಿಮ್ಮ ಗಮನ ಸ್ವಲ್ಪ ಬೇಗ ದಣಿಯುತ್ತಿದೆ. ರಾತ್ರಿ ನಿದ್ದೆ ಆಗಿಲ್ಲ, ಮಾತ್ರೆಯ ಮಂಪರೂ ಇರಬಹುದು. ಡಾಕ್ಟರಿಗೆ ತೋರಿಸುತ್ತೇನೆ, ನಾಳೆ ಇನ್ನೊಮ್ಮೆ ನೋಡೋಣ." ಆಮೇಲೆ ಕನ್ನಡಕವನ್ನು ಅವರ ಕೈಗೆ ಸಿಗುವ ಹಾಗೆ ಇಟ್ಟು, ಫೋನನ್ನು ಒರೆಸಿ, ಮುಂದಿನ ಮಂಚಕ್ಕೆ ಹೋಗಿ.